ಸರಕಾರದ ಎರಡೂ ಲೆಕ್ಕಗಳಲ್ಲಿ ಲೊರೇನ್ ಇದ್ದಾರೆ

ಇಂಗ್ಲೆಂಡಿನ ಹೋಮ್‌ಸ್ಕಾರ್ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪೇಟೆಬೀದಿಯ ದಿನಸಿ ಅಂಗಡಿಯೊಳಗೆ ಲೊರೇನ್ ಎಂಟ್ವಿಸಲ್ ಮೊಣಕಾಲೂರಿ ಕೂತು, ಚೀಸಿನ ಗಟ್ಟಿಗಳನ್ನು ಪ್ಲಾಸ್ಟಿಕ್ ಡಬ್ಬಿಗಳಿಗೆ ಹಾಕಿ ಬೀಗ ಜಡಿಯುತ್ತಿದ್ದಾರೆ. ಬೀಗ ಹಾಕದಿದ್ದರೆ ಮಧ್ಯಾಹ್ನದೊಳಗೆ ಚೀಸು ಯಾರದೋ ಕೋಟಿನೊಳಗೆ ಸೇರಿರುತ್ತದೆ. ನಡುನಡುವೆ ಅವರ ಕೈ ಏಪ್ರನ್ನಿನ ಜೇಬಿನಲ್ಲಿರುವ ಫೋನಿನ ಕಡೆಗೇ ಓಡುತ್ತದೆ. ಅವರ ಪ್ರಶ್ನೆಗೆ ಸರಕಾರ ಪಾರ್ಲಿಮೆಂಟಿನಲ್ಲಿ ಉತ್ತರ ಕೊಡಬೇಕಾದ ದಿನ ಇವತ್ತು!

"ಬಂತಾ?" ಬ್ರೆಡ್ ಜೋಡಿಸುತ್ತಿರುವ ಜೊತೆಕೆಲಸದ ಹುಡುಗಿ ಕೈಲಿ ಕೂಗುತ್ತಾಳೆ.

"ಮಂತ್ರಿಗಳು ಇನ್ನೂ ಹಾಸಿಗೇಲೇ ಇರ್ತಾರೆ ಕಣೇ. ನಿನ್ನ ಕೆಲಸ ನೋಡು."

ಲೊರೇನ್ ಈ ಅಂಗಡಿ ಸೇರಿ ಇಪ್ಪತ್ತು ವರ್ಷವಾಯಿತು. ನಾಲ್ಕು ವರ್ಷದ ಹಿಂದೆ ಗಂಡ ಡೆರೆಕ್ ಆಸ್ಪತ್ರೆಯಲ್ಲಿದ್ದಾಗ ಟಿ.ವಿ. ಲೈಸೆನ್ಸಿನ ಕಂತು ಬ್ಯಾಂಕಿನಲ್ಲಿ ನಿಂತುಹೋಗಿತ್ತು. ಅಲ್ಲಿ ಮನೆಯಲ್ಲಿ ಟಿ.ವಿ. ನೋಡಲು ಹಣ ಕಟ್ಟಿ ಲೈಸೆನ್ಸು ಪಡೆಯಬೇಕು, ಇಲ್ಲದಿದ್ದರೆ ಅಪರಾಧ. ಆ ಗಡಿಬಿಡಿಯಲ್ಲಿ ಯಾರು ಗಮನಿಸುತ್ತಾರೆ? ಒಂದು ಮಧ್ಯಾಹ್ನ ತಪಾಸಣೆಯವನು ಬಾಗಿಲು ತಟ್ಟಿದ.

"ಚಹಾ ಮಾಡ್ಕೊಟ್ಟೆ ಕಣ್ರೀ ಆ ಮನುಷ್ಯನಿಗೆ! ಜೊತೆಗೆ ಬಿಸ್ಕತ್ತು ಬೇರೆ. ಬಿಸ್ಕತ್ತು ತಿಂದು ಕೇಸು ಹಾಕ್ದ," ಎಂದು ಲೊರೇನ್ ಈಗ ನಗುತ್ತಾರೆ. ದಂಡ ಕಟ್ಟಿ ಕೋರ್ಟಿನಿಂದ ಬಂದ ದಿನ ಮಾತ್ರ ಯಾರಿಗೂ ಮುಖ ತೋರಿಸಿರಲಿಲ್ಲ. ಆದರೂ ಸುದ್ದಿ ಊರೆಲ್ಲ ಹಬ್ಬಿತು.

ಅಂಗಡಿಯಲ್ಲಾದರೋ, ಕುರಿಯ ತೊಡೆಮಾಂಸ ಕಂಕುಳಲ್ಲಿಟ್ಟುಕೊಂಡು "ನಾಳೆ ಸಿಗೋಣ" ಎಂದು ಕೈಬೀಸಿ ಹೋಗುವವರಿಗೆ ಬರವಿಲ್ಲ. ಅಂಗಡಿಯ ನಿಯಮದಂತೆ ಅಂಥವರನ್ನು ತಡೆಯುವಂತಿಲ್ಲ, ಮುಟ್ಟುವಂತಿಲ್ಲ. ಬುಟ್ಟಿ ಬೇಕೇ ಎಂದು ಹತ್ತಿರ ಹೋಗಿ ನಯವಾಗಿ ಕೇಳಬಹುದು, ಅಷ್ಟೇ. ನಿನ್ನನ್ನು ನೋಡಿದ್ದೇನೆ ಎಂದು ತಿಳಿಸುವ ರೀತಿ ಅದು. ಹೋದ ವರ್ಷ ಹಾಗೆ ಕೇಳಿದ ಕೈಲಿಯನ್ನು ಒಬ್ಬ ಫ್ರಿಜ್ಜಿನ ಮೇಲೆ ತಳ್ಳಿದ. ಹುಡುಗಿಯ ಮಣಿಕಟ್ಟು ಮುರಿಯಿತು. ಕಳ್ಳತನ, ಹಲ್ಲೆ ಎರಡೂ ಸೇರಿ ಕೇಸು ಕೋರ್ಟಿಗೆ ಹೋಗುವವರೆಗೂ ಲೊರೇನ್ ಪೊಲೀಸರ ಬೆನ್ನು ಬಿಡಲಿಲ್ಲ, ಸಾಕ್ಷಿಯನ್ನೂ ಹೇಳಿದರು. ಹೊರಗೆ ಮೆಟ್ಟಿಲ ಮೇಲೆ ಆ ಕಳ್ಳ ಹಲ್ಲು ಕಿರಿದು, "ನೀನೂ ಕೋರ್ಟು ಹತ್ತಿದೋಳೇ ಅಲ್ವೇನಮ್ಮ? ನಾವಿಬ್ಬರೂ ಒಂದೇ," ಅಂದ.

ಆ ಮಾತು ಅವರನ್ನು ಸುಟ್ಟಿತು. ಅವನಂಥವರು ಎಷ್ಟು ಮಂದಿ ಕೋರ್ಟಿಗೆ ಹೋಗಿದ್ದಾರೆ, ತನ್ನಂಥವರು ಎಷ್ಟು ಮಂದಿ, ಸರಕಾರವೇ ಹೇಳಲಿ ಎಂದು ನೇರ ಊರಿನ ಸಂಸದೆಯ ಕಚೇರಿಗೆ ನಡೆದರು. ಸಂಸದೆ ಪಾರ್ಲಿಮೆಂಟಿನಲ್ಲಿ ಅದನ್ನು ಕೇಳಿದಾಗ ಮೊದಲ ಸಲ ಬಂದ ಉತ್ತರ, ಅಂಗಡಿಗಳ್ಳರ ಮಾಹಿತಿಯನ್ನು ಒಂದೆಡೆ ಇಟ್ಟಿಲ್ಲ ಎಂದು.

"ನಾವು ಚೀಸಿಗೇ ಬೀಗ ಹಾಕಿ ಇಟ್ಟಿದೀವಿ, ಇವರು ಲೆಕ್ಕಾನೇ ಇಟ್ಟಿಲ್ವಂತೆ! ಇನ್ನೊಂದ್ಸಲ ಕೇಳಿ ಅಂದೆ."

ಹನ್ನೊಂದರ ಚಹಾದ ಹೊತ್ತಿಗೆ ಫೋನು ಗುಂಯ್ ಎನ್ನುತ್ತದೆ, ಸಂಸದೆಯ ಕಚೇರಿಯ ಸಂದೇಶ. ಕನ್ನಡಕ ಸಿಗುತ್ತಿಲ್ಲ! ಕೈಲಿ ಫೋನು ಕಸಿದು ಓದುತ್ತಾಳೆ: ಐದು ವರ್ಷದಲ್ಲಿ ಈ ಊರಿನ ಕೋರ್ಟಿಗೆ ಬಂದ ಅಂಗಡಿಗಳ್ಳತನದ ಕೇಸು ನಲವತ್ತು. ಟಿ.ವಿ. ಲೈಸೆನ್ಸಿನದು ಎಂಟುನೂರ ಹನ್ನೆರಡು, ಅದರಲ್ಲಿ ಮುಕ್ಕಾಲು ಪಾಲು ಹೆಂಗಸರು.

ಹಾಲಿಗೆಂದು ಬಂದ ಮುದುಕ ವಿಲ್ಫ್ ಕೂಗುತ್ತಾನೆ: "ನಿನ್ ಕಡೆಯೋರೇ ಜಾಸ್ತಿ ಕಣೇ ಲೊರೇನ್! ಚುನಾವಣೆಗೆ ನಿಂತ್ಬಿಡು!"

ಅಂಗಡಿಯೆಲ್ಲ ಗೊಳ್ಳೆನ್ನುತ್ತದೆ. ನಕ್ಕು ನಕ್ಕು ಲೊರೇನ್ ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೂ ಒರೆಸಿಕೊಳ್ಳುತ್ತಲೇ ಇರುತ್ತಾರೆ.

"ಇಷ್ಟು ದಿನ ನಾನೊಬ್ಬಳೇ ಅನ್ಕೊಂಡಿದ್ದೆ," ಎನ್ನುತ್ತಾರೆ. "ಆ ಎಂಟುನೂರರಲ್ಲಿ ನಾನಿದೀನಿ, ಇರ್ಲಿ ಬಿಡಿ. ಆದ್ರೆ ನಲವತ್ತರಲ್ಲಿ ಒಂದು ನಮ್ ಹುಡುಗಿ ಕೈಲಿಯ ಕೇಸು. ಅದನ್ನ ಅಲ್ಲಿಗೆ ಸೇರಿಸಿದ್ದು ನಾನು."

ಅಷ್ಟರಲ್ಲಿ ಉದ್ದ ಕೋಟಿನವನೊಬ್ಬ ಒಳಬಂದು ಮಾಂಸದ ಸಾಲಿನತ್ತ ಸರಿಯುತ್ತಾನೆ. ಲೊರೇನ್ ಚಹಾ ಅಲ್ಲೇ ಬಿಟ್ಟು ಎದ್ದು, ಏಪ್ರನ್ ಸರಿಮಾಡಿಕೊಂಡು ಅವನ ಮುಂದೆ ನಿಲ್ಲುತ್ತಾರೆ.

"ಬುಟ್ಟಿ ಬೇಕಾ, ಚಿನ್ನ? ತಗೋ. ನಲವತ್ತೊಂದನೆಯವನು ಯಾರು ಅಂತ ಪಾರ್ಲಿಮೆಂಟು ಕಾಯ್ತಾ ಇದೆ."