ಗೂಟದಕ್ಕನ ಮನೆಗೂ ಒಬ್ಬ ಸರ್ವೇಯರ್

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಖಾಲಿ ಸೈಟಿನ ಎದುರು ಹಳೆಯದೊಂದು ವ್ಯಾನು ಬಂದು ನಿಲ್ಲುತ್ತದೆ. ಅದರಿಂದ ಮೊದಲು ಹೊರಬರುವುದು ಬಿಸ್ಕೆಟ್ ಪೊಟ್ಟಣ. ಬೀದಿ ನಾಯಿಗಳ ಬಾಯಿ ಮುಚ್ಚಿಸದೆ ಇಲ್ಲಿ ಯಾವ ಕೆಲಸವೂ ಶುರುವಾಗುವುದಿಲ್ಲ. ಆಮೇಲೆ ಮೂರು ಕಾಲಿನ ಸ್ಟ್ಯಾಂಡು, ಹಳದಿ ಪೆಟ್ಟಿಗೆಯಲ್ಲಿ ಅಳತೆಯ ಯಂತ್ರ, ಒಂದು ಕಟ್ಟು ಮರದ ಗೂಟ, ಸುತ್ತಿಗೆ. ಕೊನೆಗೆ, ಅಗಲ ಅಂಚಿನ ಟೋಪಿ ಹಾಕಿಕೊಂಡು, ಮಂಡಿಯ ಮೇಲೆ ಕೈಯೂರಿ ಇಳಿಯುವವರು ಗೂಟದಕ್ಕ.

ಈ ಬಡಾವಣೆಯಲ್ಲಿ ಗೂಟದಕ್ಕ ಎಂದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತವೆ. ಆದರೆ ಹೊಸ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಇವರ ನೆನಪಿರುವುದಿಲ್ಲ. ಮೇಸ್ತ್ರಿಯನ್ನು ಹೊಗಳುತ್ತಾರೆ, ಬಣ್ಣ ಹೊಡೆದವನನ್ನು ಹೊಗಳುತ್ತಾರೆ. ಆ ಮನೆ ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಿಕೊಟ್ಟ ಸರ್ವೇಯರ್ ಅಷ್ಟರಲ್ಲಿ ಇನ್ಯಾವುದೋ ಮುಳ್ಳುಪೊದೆಯ ನಡುವೆ ಸ್ಟ್ಯಾಂಡು ಊರುತ್ತಿರುತ್ತಾರೆ. ಅವರು ಹೊಡೆಸಿದ ಗೂಟವಂತೂ ಮಣ್ಣು ಸೇರಿರುತ್ತದೆ.

ಇಷ್ಟು ಬೇಗ ಏಕೆ ಎಂದು ಕೇಳಿದರೆ ಗೂಟದಕ್ಕ ನಗುತ್ತಾರೆ. "ಬಿಸಿಲೇರಿದ್ರೆ ನೆಲದ ಮೇಲಿನ ಗಾಳಿ ನಡುಗುತ್ತೆ. ಯಂತ್ರದಲ್ಲಿ ನೋಡಿದ್ರೆ ಅಳತೆ ಕೋಲೂ ಕುಣಿಯುತ್ತೆ, ಕೋಲು ಹಿಡಿದವರೂ ಕುಣೀತಾರೆ. ನಮ್ಮ ಯಜಮಾನರು ಕುಣಿಯೋದನ್ನ ಯಾರು ನೋಡ್ತಾರೆ?"

ಕೋಲು ಹಿಡಿದು ಸೈಟಿನ ಆ ತುದಿಯಲ್ಲಿ ನಿಂತಿರುವ ಯಜಮಾನರು ಮೊದಲು ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದವರು. ಈಗ ಹೆಂಡತಿಯ ಕೈಸನ್ನೆಗೆ ಎಡಕ್ಕೆ ಸರಿಯುತ್ತಾರೆ, ಬಲಕ್ಕೆ ಸರಿಯುತ್ತಾರೆ. "ಮನೇಲಿ ನಾನೊಂದು ಅಂದ್ರೆ ಅವಳು ನಾಲ್ಕು ಅಂತಾಳೆ. ಇಲ್ಲಿ ಇಬ್ಬರಿಗೂ ಮಾತೇ ಇಲ್ಲ. ಹಾಯಾಗಿರುತ್ತೆ," ಎನ್ನುತ್ತಾರೆ.

ಗೂಟದಕ್ಕನ ಕೆಲಸಕ್ಕೆ ಒಂದು ಕಟ್ಟುನಿಟ್ಟಿದೆ. ಅಕ್ಕಪಕ್ಕದ ಜಾಗದವರು ಬಂದು ನಿಲ್ಲುವವರೆಗೆ ಪೆಟ್ಟಿಗೆಯ ಮುಚ್ಚಳ ತೆಗೆಯುವುದಿಲ್ಲ. ಮೂಲೆ ಯಾವುದೆಂದು ಗೊತ್ತಾದ ಮೇಲೆ ಗೂಟವನ್ನು ತಾವು ಹೊಡೆಯುವುದೂ ಇಲ್ಲ. ಒಬ್ಬ ನೆರೆಯವರು ಗೂಟ ಹಿಡಿಯಬೇಕು, ಇನ್ನೊಬ್ಬರು ಸುತ್ತಿಗೆ ಬೀಸಬೇಕು. ಇವತ್ತಿನ ಸೈಟಿನಲ್ಲೂ ಅದೇ ಆಯಿತು. ಎಷ್ಟೋ ಕಾಲದಿಂದ ಮಾತು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬರು ಕುಕ್ಕರುಗಾಲಲ್ಲಿ ಕೂತು ಗೂಟ ಹಿಡಿದರು. "ಕೈ ಮೇಲೆ ಹಾಕ್ಬೇಡಿ ಮಾರಾಯರೇ," ಎಂಬುದೇ ಅವರ ನಡುವಿನ ಮೊದಲ ಮಾತು. ಸುತ್ತಿಗೆ ಹಿಡಿದವರಿಗೂ ನಗು ತಡೆಯಲಾಗಲಿಲ್ಲ.

"ಕೈ ಕೊಟ್ಟು ಹಿಡಿದ ಗೂಟಾನ ರಾತ್ರೋರಾತ್ರಿ ಕಿತ್ತು ಹಾಕೋಕೆ ಮನಸ್ಸು ಬರಲ್ಲ. ಮೊದಲೆಲ್ಲ ನಾನೇ ಹೊಡೀತಿದ್ದೆ, ಮಾರನೇ ದಿನ ಹೋದ್ರೆ ಗೂಟ ಒಲೆ ಸೇರಿರೋದು," ಎನ್ನುತ್ತಾರೆ ಗೂಟದಕ್ಕ.

ಮೊದಮೊದಲ ದಿನಗಳು ಸಲೀಸಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇವರು ಕಟ್ಟಡದ ಕಂಪನಿಯೊಂದರಲ್ಲಿ ನಕ್ಷೆಗಳ ಪ್ರತಿ ತೆಗೆಯುತ್ತಿದ್ದರು. ಕಾಗದದ ಮೇಲೆ ಚೌಕವಾಗಿದ್ದ ಜಾಗ ನೆಲದ ಮೇಲೆ ಹೇಗಿದೆಯೋ ನೋಡಬೇಕೆಂಬ ಆಸೆ. ಅಳತೆ ಕಲಿಯಲು ಹೊರಗೆ ಹೋಗಬೇಕಿತ್ತು, ಮಡಿಲಲ್ಲಿ ಹಾಲು ಕುಡಿಯುವ ಮಗಳು. ಆಗ ಮಗುವನ್ನು ಎತ್ತಿಕೊಂಡವರು ಅತ್ತೆ. "ನೀನು ಹೋಗಮ್ಮ. ಇವಳು ಅತ್ತರೆ ನಾನಿದ್ದೀನಿ. ನೀನು ಅತ್ತರೆ ಮಾತ್ರ ನನ್ನ ಕೈಲಿ ಆಗಲ್ಲ," ಎಂದಿದ್ದರಂತೆ. ಆ ಮಾತು ಹೇಳುವಾಗ ಈಗಲೂ ಗೂಟದಕ್ಕನ ದನಿ ಮೆತ್ತಗಾಗುತ್ತದೆ.

ಕಲಿತ ಮೇಲೂ ಕೆಲಸ ಸುಮ್ಮನೆ ಸಿಗಲಿಲ್ಲ. ಅರ್ಧ ಸೈಟು ಅಳೆದು ಮುಗಿಸಿದ್ದರೂ ಜಾಗದವರು ಬಂದು, "ಸರ್ವೇಯರ್ ಎಷ್ಟು ಹೊತ್ತಿಗೆ ಬರ್ತಾರಮ್ಮ?" ಎಂದು ಕೇಳುತ್ತಿದ್ದರು. ಈಗ ಹಾಗೆ ಕೇಳುವವರಿಲ್ಲ. ಬೇರೆ ತೊಂದರೆಗಳಿವೆ. "ಜಾಗದ ಮಾಲೀಕರು ಪಾಪ, ತೆಪ್ಪಗಿರ್ತಾರೆ. ಅವರ ಷಡ್ಡಕ ಬಂದಿರ್ತಾನಲ್ಲ, ಅವನದೇ ಕಾಟ. ಯಂತ್ರದ ಮುಂದೇನೇ ಬಂದು ನಿಂತ್ಕೊಂಡು ಸಲಹೆ ಕೊಡ್ತಾನೆ."

ಸರ್ವೇಯರನ್ನು ಕರೆಯುವವರಿಗೆ ಅವರು ಹೇಳುವುದು ಇಷ್ಟೇ. ಜಾಗ ಕೊಳ್ಳುವ ಮೊದಲೇ ಕರೆಯಿರಿ, ಕೊಂಡಾಗಿದ್ದರೆ ಪಾಯ ತೋಡುವ ಮೊದಲಾದರೂ ಕರೆಯಿರಿ. ನಕ್ಷೆ ಕೈಗೆ ಬಂತೆಂದು ಸುಮ್ಮನಾಗದೆ ಮೂಲೆ ಮೂಲೆಗೂ ಜೊತೆಯಲ್ಲಿ ನಡೆದು ನೋಡಿ. ಮಳೆ ನೀರು ಯಾವ ಕಡೆ ಇಳಿಯುತ್ತದೆಂದು ಕೇಳಿ. ಯಾರಾದರೂ ಕೈ ಚಾಚಿ 'ಅಲ್ಲೀತನಕ ನಿಮ್ಮದೇ' ಎಂದರೆ ಮಾತ್ರ ನಂಬಲೇಬೇಡಿ.

ಈ ಕೊನೆಯ ಮಾತು ಬಂದಾಗ ಯಜಮಾನರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಗೂಟದಕ್ಕ ಅವರತ್ತ ದುರುಗುಟ್ಟಿ ನೋಡಿ, ಸೋತವರ ಹಾಗೆ ನಕ್ಕುಬಿಡುತ್ತಾರೆ. ಯಾಕೆಂದರೆ ಹಾಗೆ ನಂಬಿದವರಲ್ಲಿ ಅವರೂ ಒಬ್ಬರು.

ಅತ್ತೆಗೆ ಒಂದು ಕೋಣೆ ಕಟ್ಟಬೇಕೆಂಬುದು ಬಹಳ ದಿನದ ಆಸೆ. ತುಂಬಿದ ಮನೆಯಲ್ಲಿ ಹುಟ್ಟಿ, ತುಂಬಿದ ಮನೆಗೇ ಸೇರಿ, ಇಳಿವಯಸ್ಸಿನಲ್ಲಿ ಹಾಲ್‌ನ ಮಂಚದ ಮೇಲೆ ಮಲಗುತ್ತಿದ್ದ ಅತ್ತೆ ಒಮ್ಮೆ ತಮಾಷೆಗೆಂಬಂತೆ ಹೇಳಿದ್ದರು: "ಒಳಗಿಂದ ಚಿಲಕ ಹಾಕ್ಕೊಳ್ಳೋ ಒಂದು ಬಾಗಿಲು ನನಗೆ ಅಂತ ಈವರೆಗೆ ಇರಲೇ ಇಲ್ಲ ನೋಡು." ಸೊಸೆಗೆ ಅದು ತಮಾಷೆಯಾಗಿ ಕೇಳಲಿಲ್ಲ. ಮನೆಯ ಪಕ್ಕ, ಬಟ್ಟೆ ಒಗೆಯುವ ಕಲ್ಲಿನವರೆಗಿನ ಜಾಗದಲ್ಲಿ ಕೋಣೆಯ ನಕ್ಷೆ ತಯಾರಾಯಿತು. ಆಚೆ ಕಡೆ ಟೈಲರ್ ಮನೆ.

ಅಳೆಯುವುದು ಯಾರು? "ನೀನೇ ಅಳೆದರಾಯ್ತಲ್ಲ," ಎಂದರು ಯಜಮಾನರು. ಗೂಟದಕ್ಕ ಒಪ್ಪಲಿಲ್ಲ. "ನನ್ನ ಜಾಗ ನಾನೇ ಅಳೆದು ಟೈಲರ್ ಅಣ್ಣನ ಕೈಲಿ ಸುತ್ತಿಗೆ ಕೊಡೋಕೆ ನಾಚಿಕೆ ಆಗಲ್ವಾ?" ಎಂದು, ಊರಿನ ಆ ತುದಿಯ ಇನ್ನೊಬ್ಬ ಸರ್ವೇಯರನ್ನು ಕರೆಸಿದರು. ಮಾತೆಂದರೆ ಮೈಲಿ ದೂರ ಇರುವ ಮನುಷ್ಯ. ಗೂಟದಕ್ಕನಿಗೆ ಬರಬೇಕಾದ ಕೆಲಸಗಳನ್ನು ಆಗಾಗ ಕಸಿದುಕೊಂಡು ಹೋಗುವವರೂ ಅವರೇ.

ಅವತ್ತು ಗೂಟದಕ್ಕ ಎಲ್ಲ ಗಿರಾಕಿಗಳಿಗಿಂತ ಕಡೆಯಾದರು. ಎಷ್ಟು ಹೊತ್ತಾಗುತ್ತೆ ಎಂದು ಕೇಳಿದರು. ಆ ಮೂಲೆ ಇನ್ನೊಂದು ಸಲ ನೋಡಿ ಎಂದರು. ಯಂತ್ರದ ಮುಂದೆಯೇ ಸುಳಿದಾಡಿದರು. "ಅಕ್ಕಾ, ನೀವು ಆ ಗೋಡೆ ಹತ್ರ ನಿಂತ್ಕೊಳ್ಳಿ," ಎಂದರು ಸರ್ವೇಯರ್. ಸ್ವಲ್ಪ ಹೊತ್ತಿಗೆ ಒಗೆಯುವ ಕಲ್ಲಿಗಿಂತ ಒಂದು ಮೊಳ ಈಚೆಗೆ, ಗೂಟದಕ್ಕನ ಕಡೆಗೇ, ಬೊಟ್ಟು ತೋರಿಸಿ ಅಗೆಯಲು ಹೇಳಿದರು. ಹಾರೆ ಠಣ್ಣೆಂದಿತು. ಮಣ್ಣಿನಡಿ ಹಳೆಯ ಗಡಿಕಲ್ಲು ಹಾಯಾಗಿ ಕೂತಿತ್ತು.

"ಮನೆ ಮಾರಿದವರು ಕೈ ಚಾಚಿ, ಒಗೆಯೋ ಕಲ್ಲಿನತನಕ ನಿಮ್ಮದೇ ಅಂದಿದ್ರು. ಊರಿಗೆಲ್ಲ ಬುದ್ಧಿ ಹೇಳೋಳು ನಾನು, ಅದನ್ನ ನಂಬಿ ಇಷ್ಟು ವರ್ಷ ಬಟ್ಟೆ ಒಗೆದೆ," ಎನ್ನುತ್ತಾರೆ ಗೂಟದಕ್ಕ.

ಟೈಲರ್ ಸುತ್ತಿಗೆ ಹಿಡಿದು ನಿಂತವರು ಕೈ ಇಳಿಸಿಬಿಟ್ಟರು. "ಬಿಡಿ ತಂಗಿ, ಒಂದು ಮೊಳಕ್ಕೆಲ್ಲ ಏನು ಲೆಕ್ಕ? ಅಮ್ಮನ ಕೋಣೆ ಆಗ್ಲಿ." ಆ ಒಂದು ಮೊಳ ಹೋದರೆ ಕೋಣೆಯಲ್ಲಿ ಮಂಚ, ಬೀರು, ಬಾಗಿಲು ಮೂರೂ ಹಿಡಿಸುವುದಿಲ್ಲವೆಂದು ಗೂಟದಕ್ಕನಿಗೆ ಗೊತ್ತಿತ್ತು. ಹೂಂ ಎನ್ನಲು ಒಂದು ಕ್ಷಣ ಮನಸ್ಸಾದದ್ದನ್ನು ಅವರು ಮುಚ್ಚಿಡುವುದಿಲ್ಲ. ಆದರೆ ಗೂಟ ತೆಗೆದುಕೊಂಡು ಆ ಕಲ್ಲಿನ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತರು. "ಇವತ್ತು ನೀವು ಬಿಡ್ತೀರಿ ಅಣ್ಣ. ನಾಳೆ ನಿಮ್ಮ ಮಕ್ಕಳೂ ನನ್ನ ಮಗಳೂ ಇದೇ ಜಾಗದಲ್ಲಿ ಮುಖ ತಿರುಗಿಸ್ಕೊಂಡು ನಿಲ್ಲೋದು ಬೇಡ. ಹೊಡೀರಿ."

ಟೈಲರ್ ಹೊಡೆದರು. ಬಹಳ ಮೆಲ್ಲಗೆ.

ಮೇಸ್ತ್ರಿ ಹೊಸ ಅಳತೆ ನೋಡಿ, ಬಾಗಿಲು ಬಿಟ್ಟು ಪರದೆ ಹಾಕಿಬಿಡಿ ಎಂದ. ಅತ್ತೆ ಒಳಗೆ ಹೋದರು. ಸೊಸೆಗೆ ಅವತ್ತು ಅನ್ನ ಸೇರಲಿಲ್ಲ. ಸಂಜೆ ಟೈಲರ್ ತಮ್ಮ ಟೇಪು ಕೊರಳಿಗೆ ಹಾಕಿಕೊಂಡೇ ಬಂದರು. "ಬಟ್ಟೆ ಸಾಲದೆ ಹೋದ್ರೆ ಅಂಗಿ ಬಿಡ್ತೀವಾ? ಕಟಿಂಗ್ ಬದಲಾಯಿಸ್ತೀವಿ," ಎಂದು ಮಂಚವನ್ನು ಗೋಡೆಗುಂಟ ತಿರುಗಿಸಿ, ಬಾಗಿಲು ಹೊರಕ್ಕೆ ತೆರೆಯುವಂತೆ ಗೆರೆ ಎಳೆದು ತೋರಿಸಿದರು. ಬೀರುವಿಗೆ ಮಾತ್ರ ಜಾಗವಿಲ್ಲ. ಅತ್ತೆ ಒಳಗಿನಿಂದಲೇ ಕೂಗಿದರು: "ಬೀರು ಯಾರಿಗೆ ಬೇಕು? ಬೀರು ಇಟ್ರೆ ಮನೆಮಂದಿಯೆಲ್ಲ ಏನಾದ್ರೂ ಹುಡುಕ್ತಾ ಬರ್ತಾರೆ."

ಈಗ ಬಿಸಿಲೇರಿದೆ. ಇವತ್ತಿನ ಅಳತೆ ಮುಗಿಸಿ ವ್ಯಾನು ಮನೆಯ ಮುಂದೆ ನಿಲ್ಲುತ್ತದೆ. ಪಕ್ಕದ ಹೊಸ ಕೋಣೆಗೆ ಇನ್ನೂ ಬಣ್ಣದ ವಾಸನೆ. ಗೂಟದಕ್ಕ ಬೂಟು ಬಿಚ್ಚಿ, ಕೈ ತೊಳೆದು, ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾರೆ. "ಊರವರಿಗೆಲ್ಲ ಎಲ್ಲೆ ತೋರಿಸ್ತೀನಿ. ನನ್ನ ಮನೇಲೇ ಈಗ ತಟ್ಟದೆ ಒಳಗೆ ಹೋಗೋ ಹಾಗಿಲ್ಲ," ಎಂದು ಹೇಳುವಾಗ ಅವರ ಮುಖ ಅರಳಿರುತ್ತದೆ.

ತಟ್ಟುತ್ತಾರೆ. ಬಂದವರು ಯಾರೆಂದು ಒಳಗಿರುವವರಿಗೆ ಚೆನ್ನಾಗಿ ಗೊತ್ತು. ಆದರೂ ಕೇಳುತ್ತಾರೆ, "ಯಾರದು?"

"ನಾನೇ ಅತ್ತೆ, ಸರ್ವೇಯರು."

"ಇರಮ್ಮ," ಎನ್ನುತ್ತದೆ ಒಳಗಿನ ದನಿ. "ಚಿಲಕ ತೆಗೀತೀನಿ."