ಬೆಳಕಿನ ಭತ್ತ

ವಸ್ತುಸಂಗ್ರಹಾಲಯಕ್ಕೆ ಹೋದರೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ನನಗೆ ಇಂದಿಗೂ ತಿಳಿಯುವುದಿಲ್ಲ. ‘ಮುಟ್ಟಬೇಡಿ’ ಎಂಬ ಬೋರ್ಡು ಕಂಡೊಡನೆ ಅವು ಕಳ್ಳನ ಕೈಗಳಾಗಿ ಬೆನ್ನ ಹಿಂದೆ ಸೇರಿಕೊಳ್ಳುತ್ತವೆ. ಸಕಲೇಶಪುರದ ಆ ಪುಟ್ಟ ಸಂಗ್ರಹಾಲಯದಲ್ಲಂತೂ ಗಾಜಿನೊಳಗಿದ್ದದ್ದು ನಮ್ಮ ಮನೆಯದೇ ಕೊಳಗ. ಕೊಟ್ಟವನು ನಾನೇ.

ಪಾಳ್ಯದ ನಮ್ಮ ಮನೆಯಲ್ಲಿ ಭತ್ತ ಅಳೆಯುತ್ತಿದ್ದದ್ದು ಅದರಲ್ಲಿ. ತಕ್ಕಡಿ ಬಂದ ಮೇಲೂ ಅವ್ವ ಅದನ್ನು ಖಾಲಿ ಇಟ್ಟವಳಲ್ಲ. ಅಳೆದಾದ ಮೇಲೆ ತಳದಲ್ಲಿ ಒಂದು ಹಿಡಿ ಉಳಿಯಲೇಬೇಕು. ಅಪ್ಪ ತೀರಿಕೊಂಡ ದಿನವೂ ಎದ್ದುಹೋಗಿ ಅದರೊಳಗೆ ಕೈಯಾಡಿಸಿ ಬಂದಿದ್ದಳು. ಅಂಥದ್ದನ್ನು ನಾನು, ಹೊಸ ಶತಮಾನದ ಹುರುಪಿನಲ್ಲಿ, ದಾನ ಕೊಡಲು ಹೊರಟೆ. ಕೆಳಗೆ ನನ್ನ ಹೆಸರು ಬರೆಸುತ್ತೇವೆ ಎಂದಿದ್ದರು. ನನಗೆ ಅಷ್ಟು ಸಾಕಾಯಿತು.

“ಕೊಡು. ಆದ್ರೆ ಖಾಲಿ ಇಡಬ್ಯಾಡಿ ಅಂತ ಹೇಳ್ಬುಡು ಕಣೋ,” ಎಂದಳು ಅವ್ವ.

ಹೇಳಿದೆ. ಹುಳ ಬೀಳುತ್ತದೆ, ಅದಕ್ಕಿಂತ ಚೆನ್ನಾಗಿ ಮಾಡೋಣ ಎಂದರು ಅಲ್ಲಿಯ ಮೇಲ್ವಿಚಾರಕರು. ಅವ್ವ ಭತ್ತ ಸುರಿಯುವುದನ್ನು ವಿಡಿಯೋ ತೆಗೆದರು. ಕೊಳಗದ ಮುಂದೆ ಓರೆಯಾಗಿ ಗಾಜು ನಿಲ್ಲಿಸಿ, ಮರೆಯಲ್ಲೊಂದು ಟಿವಿ ಇಟ್ಟರು. ಗುಂಡಿ ಒತ್ತಿದರೆ ಗಾಜಿನಲ್ಲಿ ಅವ್ವನ ಕೈಗಳು ಮೂಡಿ, ನಿಜವಾದ ಕೊಳಗಕ್ಕೆ ಬೆಳಕಿನ ಭತ್ತ ಸುರಿಯುತ್ತಿದ್ದವು. ಹಗ್ಗವನ್ನು ಹಾವೆಂದು ತಿಳಿಯುವ ಭ್ರಮೆಯನ್ನು ವೇದಾಂತಿಗಳು ಬೇಕಾದಷ್ಟು ಚರ್ಚಿಸಿದ್ದಾರೆ. ಭ್ರಮೆಯನ್ನು ತೋರಿಸಿ ತಾಯಿಯನ್ನು ಒಪ್ಪಿಸುವವನ ಬಗ್ಗೆ ಅವರು ಏನಾದರೂ ಹೇಳಿದ್ದರೆ ನಾನು ಓದಿಲ್ಲ.

“ತುಂಬಿಟ್ಟವ್ರೆ, ನೋಡು ಬಾ,” ಎಂದು ಅವಳನ್ನು ಕರೆದುಕೊಂಡು ಹೋದೆ. ಬಸ್ಸು ಬಾಳ್ಳುಪೇಟೆ ದಾಟುವಾಗ ನೋಡಿದೆ, ಸೆರಗಿನ ಗಂಟಿನಲ್ಲಿ ಒಂದು ಹಿಡಿ ಭತ್ತ ಕಟ್ಟಿಕೊಂಡಿದ್ದಳು. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟೇ ನಂಬಿಕೆ.

ಗುಂಡಿ ಒತ್ತಿದೆ. ತನ್ನದೇ ಕೈಗಳನ್ನು ಅವಳು ಕಣ್ಣು ಪಿಳುಕಿಸದೆ ನೋಡಿದಳು. “ತುಂಬೈತೆ,” ಎಂದು ಗಂಟಿನ ಮೇಲಿಂದ ಕೈ ತೆಗೆದಳು. ಆಗ ಕರೆಂಟು ಹೋಯಿತು. ಕಿಟಕಿಯ ಬೆಳಕಿನಲ್ಲಿ ಕೊಳಗ ಬಾಯಿ ತೆರೆದುಕೊಂಡು ನಿಂತಿತ್ತು.

“ಖಾಲಿ ಐತಲ್ಲೋ,” ಎಂದಳು. ಕೈ ಮತ್ತೆ ಸೆರಗಿನ ಗಂಟಿನ ಮೇಲೆ ಹೋಯಿತು.

ವಾಪಸ್ಸು ಕೇಳಿ ತರಬಹುದಿತ್ತು. ನನ್ನ ಹೆಸರಿನ ಬೋರ್ಡು ಆಗಲೇ ಗೋಡೆಗೆ ಏರಿತ್ತು, ಕೇಳಲು ನಾಚಿಕೆಯಾಯಿತು. ಆ ನಾಚಿಕೆಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಅವ್ವ ಹೋದ ಮೇಲೆ, ಆ ಕೈಗಳನ್ನಾದರೂ ನೋಡೋಣವೆಂದು ಹೋದೆ. ಜೇಬಿನಲ್ಲಿ ಒಂದು ಹಿಡಿ ಭತ್ತವಿತ್ತು. ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆ.

“ಟಿವಿ ಕೆಟ್ಟೋಗೈತೆ ಸಾರ್. ಕ್ಯಾಸೆಟ್ಟೂ ಬೂಷ್ಟು ಹಿಡ್ದು ಹೋಗ್ಬುಡ್ತು,” ಎಂದ ಕಾವಲಿನವನು. ಬೇರೆ ಪ್ರತಿ ಇಲ್ಲವಂತೆ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಾಳು ತೂರುವಷ್ಟೂ ಸಂದಿ ಇರಲಿಲ್ಲ.

ಮನೆಗೆ ಬಂದೆ. ಕೊಳಗವಿದ್ದ ಮೂಲೆಯಲ್ಲಿ ನೆಲದ ಮೇಲೆ ದುಂಡನೆಯ ಗುರುತು ಮಾತ್ರ ಉಳಿದಿತ್ತು. ಜೇಬಿನ ಭತ್ತವನ್ನು ಅದರೊಳಗೇ ಸುರಿದೆ. ಬೆಳಿಗ್ಗೆ ಹೆಂಡತಿ ಗುಡಿಸಿಬಿಟ್ಟಿದ್ದಳು. ಅವಳದೇನೂ ತಪ್ಪಿಲ್ಲ, ನೆಲದ ಮೇಲೆ ಚೆಲ್ಲಿದ್ದನ್ನು ಯಾರಾದರೂ ಗುಡಿಸುತ್ತಾರೆ.