ಒಬ್ಬರೇ ಪ್ರೇಕ್ಷಕರು

ನಮ್ಮ ಪಕ್ಕದ ಮನೆಗೆ ಬಂದ ದಿನವೇ ಧಾರಾವಾಹಿ ನಿರ್ಮಾಪಕರು ನನಗೆ, “ಮೇಷ್ಟ್ರೇ, ಮುಂದಿನ ವರ್ಷ ಟೀವಿ ಉದ್ಯಮಕ್ಕೆ ಚಿನ್ನದ ಕಾಲ” ಎಂದು ಘೋಷಿಸಿದ್ದರು. ಆ ಮುಂದಿನ ವರ್ಷ ಪ್ರತಿ ವರ್ಷವೂ ಮುಂದಿನ ವರ್ಷವಾಗಿಯೇ ಉಳಿಯಿತು. ಧಾರಾವಾಹಿ ಸೋತರೆ ‘ಜನಕ್ಕೆ ಮೊಬೈಲ್ ಹುಚ್ಚು’ ಎನ್ನುತ್ತಿದ್ದರು. ಅವರ ಲೆಕ್ಕಾಚಾರ ಮಾತ್ರ ಎಂದೂ ಸೋತದ್ದಿಲ್ಲ. ಅವರ ಮಾರುಕಟ್ಟೆ ಸಮೀಕ್ಷೆಯೆಲ್ಲ ಹಾಸಿಗೆ ಹಿಡಿದ ತಮ್ಮ ತಾಯಿಯೊಬ್ಬರದೇ: ಕಂತು ನೋಡಿ ಆಕೆ ಅತ್ತರೆ ಗೆಲುವು, ನಿದ್ದೆ ಹೋದರೆ ಕಥೆಯ ಸೊಸೆಗೆ ಮರುದಿನವೇ ವಿಷ. ಹಾಗೆ ವಿಷ ಕುಡಿಸಿದ ಮರುದಿನವೇ ವಾಹಿನಿಯವರು ಧಾರಾವಾಹಿ ನಿಲ್ಲಿಸಿದರು. “ಆ ಹುಡುಗಿ ಬದುಕಿದಳೇನೋ?” ಎಂದು ತಾಯಿ ಊಟ ಬಿಟ್ಟರು. ಈಗ ನಿರ್ಮಾಪಕರು ಪ್ರತಿ ಸಂಜೆ ಮಂಚದ ಮುಂದೆ ನಿಂತು, ಟವೆಲ್ಲನ್ನೇ ಸೆರಗು ಮಾಡಿಕೊಂಡು, ಅತ್ತೆ ಸೊಸೆ ಇಬ್ಬರ ಪಾತ್ರವನ್ನೂ ತಾವೇ ಆಡುತ್ತಾರೆ. ಉದ್ಯಮ ಹೇಗಿದೆಯೆಂದು ಕೇಳಿದರೆ, “ಬಹಳ ಚೆನ್ನಾಗಿದೆ ಮೇಷ್ಟ್ರೇ, ಪ್ರೇಕ್ಷಕರು ಒಬ್ಬರೂ ಎದ್ದು ಹೋಗಿಲ್ಲ” ಎನ್ನುತ್ತಾರೆ.